ಆಂಡ್ರಾಯ್ಡ್ ಸ್ಟೀರಿಯೋ: ಹಾಡಿಗೆ ಫುಲ್ ಮಾರ್ಕ್ಸ್, ಕ್ಯಾಮೆರಾ ಅಲರ್ಟ್‌ಗೆ ಒಂದಿಷ್ಟು ರಿಪೇರಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಮ್ಮ ಹಳೇ ಸ್ವಿಫ್ಟ್‌ಗೆ 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದೆ. ಫ್ರೇಮ್, ರಿವರ್ಸ್ ಕ್ಯಾಮೆರಾ, ಫಿಟ್ಟಿಂಗ್ ಎಲ್ಲ ಸೇರಿ ಹದಿನಾಲ್ಕು ಸಾವಿರ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಒಂದೇ ಡಬ್ಬಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಸೌಂಡ್ ಚೆನ್ನಾಗಿದೆ. ಮಧ್ಯಾಹ್ನದ ಬಿಸಿಲಲ್ಲೂ ಸ್ಕ್ರೀನ್ ಕಾಣುತ್ತದೆ. ಫೋನಲ್ಲಿ ಮಾತಾಡಿದರೆ ಮಾತ್ರ ನನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದಂತೆ. ಅದು ಹೋಗಲಿ, ನಾನು ಇದನ್ನು ತೆಗೆದುಕೊಂಡಿದ್ದು ಹಾಡು ಕೇಳುವುದಕ್ಕಲ್ಲ. ಅಮ್ಮ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ವಾರ ಬಿಟ್ಟು ವಾರ ಹೋಗಿಬರುವ ರಸ್ತೆಯಲ್ಲಿ ಕ್ಯಾಮೆರಾ ಎಲ್ಲಿದೆ ಅಂತ ಮುಂಚೆಯೇ ಹೇಳುವ ಒಂದು ದನಿ ಬೇಕಿತ್ತು.

‘ಎಲ್ಲಾ ಕ್ಯಾಮೆರಾನೂ ಫೀಡ್ ಆಗಿದೆ ಮೇಡಂ, ಅದೇ ಹೇಳುತ್ತೆ, ನೀವು ಸುಮ್ನೆ ಓಡಿಸಿ’ ಅಂದ ಫಿಟ್ಟಿಂಗ್ ಹುಡುಗ. ಸುಮ್ಮನೆ ಓಡಿಸಿದೆ. ಕಣಿಮಿಣಿಕೆ ಟೋಲ್‌ನಿಂದ ಗಣಂಗೂರು ಟೋಲ್‌ವರೆಗೆ ಅದೂ ನನ್ನ ಜೊತೆ ಸುಮ್ಮನೆ ಬಂತು. ವಾಪಸ್ ಬರುವಾಗ ಮಂಡ್ಯ ಬೈಪಾಸ್‌ನಲ್ಲಿ, ಕಣ್ಣಿಗೆ ಯಾವ ಕ್ಯಾಮೆರಾವೂ ಕಾಣದ ಜಾಗದಲ್ಲಿ, ವೇಗ ಜಾಸ್ತಿಯಾಯಿತು ಅಂತ ಬಡಬಡಿಸಿತು. ಹಿಂದಿನ ಸೀಟಲ್ಲಿದ್ದ ಅಮ್ಮ ‘ಯಾರೇ ಅದು, ನಿನ್ನ ಬೈತಿರೋದು?’ ಅಂದರು.

ಈ ರಸ್ತೆಯಲ್ಲಿ ಓಡಾಡದವರಿಗೆ ಎರಡು ಮಾತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎಲ್ಲರೂ ಎಕ್ಸ್‌ಪ್ರೆಸ್‌ವೇ ಅಂತಲೇ ಕರೆಯುತ್ತೇವೆ. ಆದರೆ ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ಎಕ್ಸ್‌ಪ್ರೆಸ್‌ವೇಗೆ 120, ಡಿವೈಡರ್ ಇರುವ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಪಥದ ರಸ್ತೆಗೆ 100. ನನ್ನ ಸ್ಟೀರಿಯೋದ ಮ್ಯಾಪ್‌ಗೂ ಈ ಗೊಂದಲ ಇದೆ, ಕೆಲವು ಕಡೆ 120 ಅಂತ ತೋರಿಸುತ್ತದೆ. ನಂಬಿದರೆ ಸಾವಿರ ರೂಪಾಯಿ ದಂಡ. 2024ರಲ್ಲಿ ಇಲ್ಲಿ ಐಟಿಎಂಎಸ್ (ತಾನಾಗಿಯೇ ನಿಯಮ ಉಲ್ಲಂಘನೆ ಹಿಡಿಯುವ ಸಂಚಾರ ವ್ಯವಸ್ಥೆ) ಕ್ಯಾಮೆರಾಗಳು ಬಂದವು. ಆ ವರ್ಷದ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದರು. ಹಾಗಾಗಿ ಮ್ಯಾಪ್‌ನಲ್ಲಿರುವ ವೇಗದ ಅಂಕಿಗಿಂತ ರಸ್ತೆ ಬದಿಯ ಬೋರ್ಡನ್ನೇ ನಂಬಿ.

ಈಗ ಸ್ಟೀರಿಯೋ ಯಾಕೆ ಮೌನವಾಗಿತ್ತು ಅನ್ನುವುದಕ್ಕೆ ಬರೋಣ. ಇಂಥ ಡಬ್ಬಿಗಳಲ್ಲಿ ಅಂಗಡಿಯವರು ಮೊದಲೇ ಹಾಕಿಕೊಡುವ ಮ್ಯಾಪ್ ಸಾಮಾನ್ಯವಾಗಿ ಇಂಟರ್ನೆಟ್ ಬೇಡದ ಬಗೆಯದು. ಮೆಮೊರಿ ಕಾರ್ಡಿನಲ್ಲಿ ಮ್ಯಾಪ್ ಫೈಲ್ ಇರುತ್ತದೆ, ಪಕ್ಕದಲ್ಲೇ ಕ್ಯಾಮೆರಾಗಳ ಪಟ್ಟಿಯ ಇನ್ನೊಂದು ಫೈಲ್. ಆ ಪಟ್ಟಿಯಲ್ಲಿ ಪ್ರತಿ ಕ್ಯಾಮೆರಾದ ಜಾಗ, ಬಗೆ, ಅಲ್ಲಿನ ವೇಗದ ಮಿತಿ, ಅದು ಯಾವ ಕಡೆಗೆ ಮುಖ ಮಾಡಿದೆ ಅನ್ನುವುದು ಇರುತ್ತದೆ. ಫೈಲ್ ಮ್ಯಾನೇಜರ್ ತೆರೆದು ತಾರೀಕು ನೋಡಿ. ನನ್ನದರಲ್ಲಿ 2021 ಅಂತ ಇತ್ತು. ರಸ್ತೆಯೇ ಪೂರ್ತಿಯಾಗಿರದ ಕಾಲದ ಪಟ್ಟಿ ಇಟ್ಟುಕೊಂಡು ಅದು ಏನು ತಾನೇ ಹೇಳೀತು? ಬೆಂಗಳೂರಿನೊಳಗೆ ಕೆಲವು ಸಿಗ್ನಲ್‌ಗಳಲ್ಲಿ ಮಾತ್ರ ‘ಸ್ಪೀಡ್ ಕ್ಯಾಮೆರಾ’ ಅಂತ ಕೂಗುತ್ತಿತ್ತು. ಅವು ಕೆಂಪು ದೀಪ ದಾಟಿದವರನ್ನು ಹಿಡಿಯುವ ಕ್ಯಾಮೆರಾಗಳು. ಟ್ರಾಫಿಕ್‌ನಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ತೆವಳುವಾಗ ಈ ಎಚ್ಚರಿಕೆ ಕೇಳಿದರೆ ನಗು ಬರುತ್ತದೆ.

ಆ ಫೈಲಿಗೆ ಹೊಸದು ಹುಡುಕುತ್ತಾ ಕೂರಬೇಡಿ. ಎಲ್ಲೆಲ್ಲಿಂದಲೋ ಇಳಿಸಿದ ಪಟ್ಟಿಗೆ ಗ್ಯಾರಂಟಿ ಯಾರು ಕೊಡುತ್ತಾರೆ? ಅದನ್ನು ಆಫ್ ಮಾಡಿ, ಹಾಟ್‌ಸ್ಪಾಟ್ ಕೊಟ್ಟು ಗೂಗಲ್ ಮ್ಯಾಪ್ಸ್ ಅಥವಾ ಮ್ಯಾಪಲ್ಸ್ ಹಾಕಿಕೊಳ್ಳಿ. ಕ್ಯಾಮೆರಾ ಮಾಹಿತಿ ಅವುಗಳಲ್ಲಿ ಆಗಾಗ ಹೊಸದಾಗುತ್ತಿರುತ್ತದೆ.

ಆದರೆ ಅಲ್ಲೂ ಒಂದು ಕೊಕ್ಕೆ ಇದೆ. ನಮ್ಮ ಭಾವನ ಕಾರಿನದು ಕಂಪನಿಯಿಂದಲೇ ಬಂದ ಸ್ಕ್ರೀನ್. ‘ನನ್ನ ಗೂಗಲ್ ಒಂದು ಕ್ಯಾಮೆರಾನೂ ಹೇಳಲ್ಲ’ ಅಂತ ಅವರ ದೂರು. ಪಕ್ಕದಲ್ಲಿ ಕೂತು ನೋಡಿದೆ. ಅವರು ರೂಟನ್ನೇ ಹಾಕುವುದಿಲ್ಲ! ಮೂವತ್ತು ವರ್ಷದಿಂದ ಓಡಾಡುತ್ತಿರುವ ದಾರಿ, ಮ್ಯಾಪ್ ಯಾಕೆ ಅನ್ನುತ್ತಾರೆ. ಗೂಗಲ್ ಮ್ಯಾಪ್ಸ್ ದನಿಯಲ್ಲಿ ಎಚ್ಚರಿಸುವುದು ನ್ಯಾವಿಗೇಶನ್ ನಡೆಯುತ್ತಿರುವಾಗ. ದಾರಿ ಗೊತ್ತಿದ್ದರೂ ‘ಸ್ಟಾರ್ಟ್’ ಒತ್ತಬೇಕು. ಎಡ ಬಲ ಹೇಳುವುದು ಕಿರಿಕಿರಿ ಅನ್ನಿಸಿದರೆ ಸ್ಪೀಕರ್ ಗುರುತು ಒತ್ತಿ, ಬರೀ ಎಚ್ಚರಿಕೆಗಳನ್ನು ಹೇಳುವ ಆಯ್ಕೆ ಹಾಕಿಕೊಳ್ಳಿ. ವೇಜ್ ಅನ್ನುವ ಇನ್ನೊಂದು ಮ್ಯಾಪ್ ಆ್ಯಪ್‌ನಲ್ಲಿ ಈ ತೊಂದರೆ ಇಲ್ಲ, ರೂಟ್ ಹಾಕದಿದ್ದರೂ ಹೇಳುತ್ತದೆ. ಭಾವ ಈಗ ವೇಜ್ ಹಾಕಿಕೊಂಡಿದ್ದಾರೆ. ಜೊತೆಗೆ ಗೂಗಲ್ಲೂ ಓಡುತ್ತಿರುತ್ತದೆ. ಎರಡು ಹೆಂಗಸರು ಒಟ್ಟಿಗೆ ಮಾತಾಡುತ್ತಾರೆ, ಭಾವನಿಗೆ ಎರಡೂ ಅರ್ಥವಾಗುವುದಿಲ್ಲ.

ನನ್ನದರಲ್ಲಿ ಹೊಸ ಆ್ಯಪ್ ಹಾಕಿದ ಮೇಲೂ ಎಚ್ಚರಿಕೆ ತಡವಾಗಿ ಬರುತ್ತಿತ್ತು. ಕ್ಯಾಮೆರಾ ಕಂಬದ ಕೆಳಗೆ ಹೋದ ಮೇಲೆ ‘ಮುಂದೆ ಕ್ಯಾಮೆರಾ ಇದೆ’ ಅಂದರೆ ಏನು ಮಾಡುವುದು? ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಸ್ಟೀರಿಯೋ ಮೂರು ಸೆಕೆಂಡ್ ಹಿಂದೆ ಬಿದ್ದರೂ 80 ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಇದರ ಮೂಲ ಸಿಕ್ಕಿದ್ದು ಜಿಪಿಎಸ್ ಆ್ಯಂಟೆನಾದಲ್ಲಿ. ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಬಿಲ್ಲೆ, ಅದಕ್ಕೊಂದು ವೈರ್. ಅದು ಆಕಾಶ ನೋಡುತ್ತಿರಬೇಕು. ಹುಡುಗ ಅದನ್ನು ಗ್ಲೋವ್ ಬಾಕ್ಸ್ ಹಿಂದೆ, ಡ್ಯಾಶ್‌ಬೋರ್ಡಿನ ಕಬ್ಬಿಣದ ಪಟ್ಟಿಯ ಕೆಳಗೆ ತಳ್ಳಿಬಿಟ್ಟಿದ್ದ. ವೈರ್ ಕಾಣಬಾರದು, ಫಿನಿಶಿಂಗ್ ನೀಟಾಗಿರಬೇಕು, ಅಷ್ಟೇ ಅವನ ಲೆಕ್ಕ. ಪ್ಲಾಸ್ಟಿಕ್ಕಿನ ಮೂಲಕ ಸಿಗ್ನಲ್ ಬರುತ್ತದೆ, ಕಬ್ಬಿಣದ ಮೂಲಕ ಬರುವುದಿಲ್ಲ. ಗಾಜಿಗೆ ಲೋಹದ ಅಂಶ ಇರುವ ಸನ್ ಫಿಲ್ಮ್ ಹಾಕಿಸಿದ್ದರೂ ಇದೇ ಕಥೆ.

ಇದನ್ನು ಪತ್ತೆ ಮಾಡುವುದು ಸುಲಭ. ಸ್ಯಾಟಲೈಟ್‌ಗಳನ್ನು ತೋರಿಸುವ ಉಚಿತ ಜಿಪಿಎಸ್ ಟೆಸ್ಟ್ ಆ್ಯಪ್ ಹಾಕಿ, ಬಯಲಲ್ಲಿ ಕಾರು ನಿಲ್ಲಿಸಿ. ಪಕ್ಕದಲ್ಲೇ ಫೋನಲ್ಲೂ ಅದೇ ಆ್ಯಪ್ ತೆರೆದು ಹೋಲಿಸಿ. ಫೋನಿಗೆ ಧಾರಾಳವಾಗಿ ಸಿಗ್ನಲ್ ಇದ್ದು ಸ್ಟೀರಿಯೋಗೆ ಮಾತ್ರ ನಾಲ್ಕೈದೇ ಸ್ಯಾಟಲೈಟ್ ಸಿಕ್ಕರೆ ದೋಷ ಆ್ಯಂಟೆನಾದ್ದು. ಅಂಗಡಿಗೆ ವಾಪಸ್ ಹೋಗಿ ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಮೂಲೆಗೆ ಅಂಟಿಸಿಕೊಡಲು ಹೇಳಿದೆ. ‘ಚೆನ್ನಾಗಿ ಕಾಣಲ್ಲ ಮೇಡಂ’ ಅಂತ ಗೊಣಗಿದ. ದುಡ್ಡು ತೆಗೆದುಕೊಳ್ಳಲಿಲ್ಲ, ಅದಕ್ಕೆ ಒಂದು ಅಂಕ ಕೊಡುತ್ತೇನೆ. ಅದಾದ ಮೇಲೆ ತಡವಾಗುವ ತೊಂದರೆ ಹೆಚ್ಚುಕಮ್ಮಿ ಹೋಯಿತು. ನಿಮ್ಮದು ಆಂಡ್ರಾಯ್ಡ್ ಆಟೋ, ಅಂದರೆ ಫೋನಿನ ಆ್ಯಪನ್ನು ಕಾರಿನ ಸ್ಕ್ರೀನಿನಲ್ಲಿ ತೋರಿಸುವ ಬಗೆಯದಾಗಿದ್ದರೆ ಆ್ಯಪ್ ಓಡುವುದು ಫೋನಿನೊಳಗೆ. ಆಗ ಎಚ್ಚರಿಕೆ ತಡವಾದರೆ ಫೋನಿನ ಬ್ಯಾಟರಿ ಸೇವರ್ ಮೊದಲು ಆಫ್ ಮಾಡಿ.

ಮಂಡ್ಯದ ಬಡಬಡಿಕೆಗೆ ಕಾರಣ ಬೇರೆ. ಹೆದ್ದಾರಿಯ ಎರಡೂ ಪಕ್ಕ ಸರ್ವಿಸ್ ರಸ್ತೆ ಇದೆ, ಎಷ್ಟೋ ಕಡೆ ಮಧ್ಯೆ ಇರುವುದು ಕೆಲವೇ ಮೀಟರ್. ಫೋನಿನ ಜಿಪಿಎಸ್ ಬಯಲಲ್ಲೂ ಐದು ಮೀಟರಿನಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಮ್ಯಾಪ್ ನಮ್ಮನ್ನು ಸರ್ವಿಸ್ ರಸ್ತೆಯಲ್ಲಿ ಇಟ್ಟುಬಿಡುತ್ತದೆ, ಅಲ್ಲಿಯ ಕಮ್ಮಿ ಮಿತಿ ಹಿಡಿದುಕೊಂಡು ಬೈಯುತ್ತದೆ. ಫ್ಲೈಓವರ್ ಮೇಲಿದ್ದೇವೋ ಕೆಳಗಿದ್ದೇವೋ ಅನ್ನುವುದಂತೂ ಅದಕ್ಕೆ ಸರಿಯಾಗಿ ಗೊತ್ತಾಗುವುದೇ ಇಲ್ಲ. ಇದಕ್ಕೆ ಪೂರ್ತಿ ಮದ್ದಿಲ್ಲ. ಹೊರಡುವಾಗಲೇ ರೂಟ್ ಹಾಕಿಕೊಂಡರೆ ಮುಖ್ಯ ರಸ್ತೆಗೆ ಅಂಟಿಕೊಂಡಿರುತ್ತದೆ, ತಪ್ಪು ಕಮ್ಮಿಯಾಗುತ್ತದೆ.

ಸ್ಪೀಡೋಮೀಟರ್ 100 ತೋರಿಸುವಾಗ ಜಿಪಿಎಸ್ 95 ಅನ್ನುತ್ತದಲ್ಲ, ಯಾವುದು ಕೆಟ್ಟಿದೆ ಅಂತ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಕೇಳಿದರು. ಎರಡೂ ಕೆಟ್ಟಿಲ್ಲ. ಕಾರಿನ ಮೀಟರ್ ನಿಜಕ್ಕಿಂತ ಕಮ್ಮಿ ತೋರಿಸುವ ಹಾಗಿಲ್ಲ, ಸ್ವಲ್ಪ ಜಾಸ್ತಿ ತೋರಿಸಬಹುದು. ತಯಾರಕರು ಹಾಗೆಯೇ ಇಟ್ಟಿರುತ್ತಾರೆ. ಮೀಟರ್ ನೋಡಿಕೊಂಡು ಓಡಿಸಿದರೆ ನಮಗೇ ಒಳ್ಳೆಯದು.

ಇಂಥ ಅಲರ್ಟ್ ಇಟ್ಟುಕೊಳ್ಳುವುದು ತಪ್ಪಲ್ಲವಾ ಅಂತ ಕೆಲವರು ಕೇಳುತ್ತಾರೆ. ನಮ್ಮಲ್ಲಿ 2021ರಲ್ಲಿ ಬಂದ ಕೇಂದ್ರದ ನಿಯಮವೇ, ಕ್ಯಾಮೆರಾ ಇರುವ ರಸ್ತೆಗೆ ಮುಂಚೆ ಎಚ್ಚರಿಕೆಯ ಬೋರ್ಡ್ ಹಾಕಬೇಕು ಅನ್ನುತ್ತದೆ. ಗುಟ್ಟೇನೂ ಅಲ್ಲ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಓಡಿಸುವಾಗ ಇಂಥ ಅಲರ್ಟ್ ಬಳಸಿ ಸಿಕ್ಕಿಬಿದ್ದರೆ 75 ಯೂರೋ ದಂಡ, ಲೈಸೆನ್ಸಿಗೆ ಒಂದು ಪಾಯಿಂಟ್. ಫ್ರಾನ್ಸಿನಲ್ಲಿ ಕ್ಯಾಮೆರಾದ ನಿಖರ ಜಾಗ ತೋರಿಸುವ ಹಾಗಿಲ್ಲ, ‘ಅಪಾಯದ ವಲಯ’ ಅಂತ ಕೆಲವು ಕಿಲೋಮೀಟರ್ ಉದ್ದದ ರಸ್ತೆಯನ್ನೇ ತೋರಿಸುತ್ತಾರೆ. ನನಗೆ ಈ ಫ್ರೆಂಚ್ ಉಪಾಯ ಇಷ್ಟ. ಇಲ್ಲಿ ನೋಡಿ, ಕ್ಯಾಮೆರಾ ಬಂತು ಅಂದ ಕೂಡಲೇ ಮುಂದಿನ ಕಾರು ದಡಕ್ಕನೆ ಬ್ರೇಕ್ ಹಾಕುತ್ತದೆ, ದಾಟಿದ ಮೇಲೆ ಮತ್ತೆ 120. ಹಿಂದಿರುವವರ ಎದೆ ಝಲ್ಲೆನ್ನುತ್ತದೆ. ಎರಡು ಕಡೆ ನಂಬರ್ ಪ್ಲೇಟ್ ಓದಿ ಸರಾಸರಿ ವೇಗ ಲೆಕ್ಕ ಹಾಕುವ ಕಡೆ ಈ ಆಟ ನಡೆಯುವುದಿಲ್ಲ. 50 ಕಿ.ಮೀ. ದೂರವನ್ನು ಅರ್ಧ ಗಂಟೆಗಿಂತ ಬೇಗ ಮುಟ್ಟಿದರೆ ಮುಗಿಯಿತು, ಯಾವ ಅಲರ್ಟೂ ಕಾಪಾಡುವುದಿಲ್ಲ.

ಈ ಡಬ್ಬಿ ತೆಗೆದುಕೊಳ್ಳಬಹುದಾ? ಹಳೇ ಕಾರಿದ್ದು, ದೊಡ್ಡ ಸ್ಕ್ರೀನ್ ಮತ್ತು ರಿವರ್ಸ್ ಕ್ಯಾಮೆರಾ ಬೇಕಿದ್ದರೆ ಧಾರಾಳವಾಗಿ. ಐದಕ್ಕೆ ಮೂರೂವರೆ. ಬರೀ ಕ್ಯಾಮೆರಾ ಅಲರ್ಟ್‌ಗಾದರೆ ಬೇಡ, ಮುನ್ನೂರು ರೂಪಾಯಿಯ ಮೊಬೈಲ್ ಹೋಲ್ಡರ್ ಸಾಕು. ತೆಗೆದುಕೊಂಡರೆ ಆ್ಯಂಟೆನಾ ಎಲ್ಲಿ ಅಂಟಿಸುತ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ. ಸೆಟ್ಟಿಂಗ್ಸ್‌ನಲ್ಲಿ ನೀವು ಬಳಸುವ ಮ್ಯಾಪನ್ನೇ ನ್ಯಾವಿಗೇಶನ್ ಆ್ಯಪ್ ಅಂತ ಆಯ್ಕೆ ಮಾಡಿಸಿ. ನನ್ನದರಲ್ಲಿ ಹಾಗೆ ಮಾಡಿದ ಮೇಲೆಯೇ ಎಫ್‌ಎಂ ಹಾಡು ತಗ್ಗಿ ಎಚ್ಚರಿಕೆ ಕೇಳಿಸತೊಡಗಿದ್ದು. ಫೋನ್ ಕರೆ ಬಂದಾಗ ಮಾತ್ರ ಎಚ್ಚರಿಕೆಯ ದನಿ ಈಗಲೂ ಪೂರ್ತಿ ಮಾಯವಾಗುತ್ತದೆ. ಅಂಗಡಿಯವರಿಗೂ ಗೊತ್ತಾಗಲಿಲ್ಲ. ನಿಮ್ಮಲ್ಲಿ ಯಾರಾದರೂ ಅದನ್ನು ಸರಿಪಡಿಸಿಕೊಂಡಿದ್ದರೆ ದಯವಿಟ್ಟು ಹೇಳಿ.