ನ್ಯೂಜೆರ್ಸಿಲಿ ವೆರೈಜಾನ್ ಫಯೋಸ್ ಇಂಟರ್ನೆಟ್: ಅಪ್‌ಲೋಡ್ ಮುಖ್ಯ ಅನ್ನೋರಿಗೆ
ಮನೇಲಿ ಇಬ್ರೂ ವರ್ಕ್ ಫ್ರಮ್ ಹೋಮ್, ರಾತ್ರಿ ಊಟ ಆದ್ಮೇಲೆ ಮೈಸೂರಿಗೆ ವಿಡಿಯೋ ಕಾಲ್. ಮುಂಚೆ ಇದ್ದ ಕೇಬಲ್ ಕನೆಕ್ಷನ್‌ಲಿ ಡೌನ್‌ಲೋಡ್ ಚೆನ್ನಾಗೇ ಇತ್ತು, ಆದ್ರೆ ನಮ್ ಮುಖ ಅಮ್ಮಂಗೆ ಬರೀ ಚೌಕ ಚೌಕವಾಗಿ ಕಾಣ್ತಿತ್ತು. ಯಾಕಂದ್ರೆ ಕೇಬಲ್ ಲೈನ್ ಹಾಕಿದ್ದೇ ಟಿವಿಗೆ, ಮನೆಯಿಂದ ಆಚೆ ಹೋಗೋ ಡೇಟಾಗೆ, ಅಂದ್ರೆ ಅಪ್‌ಲೋಡ್‌ಗೆ, ಇಲ್ಲಿನ ಹಳೇ ಸಿಸ್ಟಮ್‌ಲಿ 5ರಿಂದ 42 ಮೆಗಾಹರ್ಟ್ಜ್ ಫ್ರೀಕ್ವೆನ್ಸಿ ಅಷ್ಟೇ ಜಾಗ, ಅದನ್ನೂ ಅಕ್ಕಪಕ್ಕದ ಮನೆಯವ್ರ ಜೊತೆ ಹಂಚ್ಕೋಬೇಕು!

ಫೋನ್ ಕಂಪನಿಗಳು ತಾಮ್ರದ ಫೋನ್ ತಂತಿಲಿ ಕೊಡೋ ಡಿಎಸ್‌ಎಲ್ ಇಂಟರ್ನೆಟ್ ಸ್ಪೀಡಲ್ಲಿ ಕೇಬಲ್‌ಗೆ ಸಾಟಿ ಆಗ್ಲಿಲ್ಲ, ಅದಕ್ಕೇ ಫೋನ್ ಕಂಪನಿ ವೆರೈಜಾನ್ 2005ರಲ್ಲೇ ಫಯೋಸ್ ಅಂತ ಮನೆವರೆಗೂ ಫೈಬರ್ (ಬೆಳಕಲ್ಲಿ ಡೇಟಾ ಕಳ್ಸೋ ಗಾಜಿನ ಎಳೆ) ಕೊಡೋಕೆ ಶುರು ಮಾಡ್ತು, ಆ ಧೈರ್ಯಕ್ಕೆ ಮೆಚ್ಚಲೇಬೇಕು. ನಮ್ದು 300 ಎಂಬಿಪಿಎಸ್ ಪ್ಲಾನ್, ಅಪ್‌ಲೋಡೂ ಹತ್ತತ್ರ ಅಷ್ಟೇ ಬರುತ್ತೆ. ಗ್ಯಾರೇಜ್ ಗೋಡೆಗೆ ಒಂದು ಬಿಳಿ ಡಬ್ಬ, ಅದಕ್ಕೆ ದಾರದಷ್ಟು ಸಣ್ಣ ಫೈಬರ್, ಅಷ್ಟೇ.

ಕೇಬಲ್ನೋರೂ ಸುಮ್ನೆ ಕೂತಿಲ್ಲ, ಡಾಕ್ಸಿಸ್ 3.1 (ಕೇಬಲ್ ತಂತಿಲಿ ಇಂಟರ್ನೆಟ್ ಕಳ್ಸೋ ಸ್ಟ್ಯಾಂಡರ್ಡ್) ತಂದು ಅದೇ ಟಿವಿ ಕೇಬಲ್ ತಂತಿಲಿ ಗಿಗಾಬಿಟ್ ಡೌನ್‌ಲೋಡ್ ಕೊಡ್ತಿದಾರೆ, ಬರೀ ಸಿನಿಮಾ ನೋಡೋರಿಗೆ ಅದೇ ಸಾಕು. ಫಯೋಸ್ ಎಲ್ಲಾ ಕಡೆ ಸಿಗಲ್ಲ, ಮನೆ ಬಾಡಿಗೆಗೆ ಹಿಡಿಯೋ ಮುಂಚೇನೇ ಅಡ್ರೆಸ್ ಹಾಕಿ ಚೆಕ್ ಮಾಡ್ಕೊಳ್ಳಿ.