ಹಳೆಯ ಟ್ರಾವೆಲ್ ಟ್ರೈಲರ್: ಮೊದಲು ಗೋಡೆ ನೋಡಿ, ಆಮೇಲೆ ಬೆಲೆ ಕೇಳಿ

ಹದಿನೈದರಿಂದ ಮೂವತ್ತು ವರ್ಷ ಹಳೆಯ, ಕಾರಿನ ಹಿಂದೆ ಎಳೆದೊಯ್ಯುವ ಟ್ರಾವೆಲ್ ಟ್ರೈಲರ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕೊಳ್ಳಬಹುದೇ? ಅದರ ಗೋಡೆ, ಮಾಡು, ನೆಲ ಒಣಗಿದ್ದರೆ ಧಾರಾಳವಾಗಿ ಕೊಳ್ಳಬಹುದು. ತೇವ ಹೊಕ್ಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಟೈರು, ಬ್ಯಾಟರಿ, ಬ್ರೇಕು, ಫ್ರಿಜ್ಜು, ಹೀಟರು ಎಲ್ಲವೂ ಅಂಗಡಿಯಲ್ಲಿ ಸಿಗುವ ಸಾಮಾನು. ಕೆಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ತೇವಕ್ಕೆ ಕೊಳೆತು ಲಡ್ಡಾದ ಗೋಡೆ ಹಾಗಲ್ಲ. ಅದನ್ನು ಸರಿಮಾಡಲು ಹೊರಗಿನ ತಗಡು ಬಿಚ್ಚಬೇಕು, ಕಿಟಕಿ ಇಳಿಸಬೇಕು, ಕಪಾಟು ಕಳಚಬೇಕು, ಮರದ ಚೌಕಟ್ಟನ್ನು ಹೊಸದಾಗಿ ಕಟ್ಟಬೇಕು. ಕೂಲಿ ಕೊಟ್ಟು ಮಾಡಿಸಿದರೆ ಆ ಖರ್ಚು ಟ್ರೈಲರಿನ ಬೆಲೆಯನ್ನೇ ಸುಲಭವಾಗಿ ಮೀರುತ್ತದೆ.

ನೋಡಲು ಹೋಗುವಾಗ ಟಾರ್ಚು, ಏಣಿ, ತೇವಮಾಪಕ, ಮಲ್ಟಿಮೀಟರು, ರಸಮಟ್ಟ, ಸ್ಕ್ರೂಡ್ರೈವರು, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ ಜೊತೆಗಿರಲಿ. ಕರೆಂಟು, ನೀರು, ತುಂಬಿದ ಗ್ಯಾಸ್ ಸಿಲಿಂಡರು ಮೂರೂ ಅಲ್ಲಿ ಸಿದ್ಧವಿರಬೇಕೆಂದು ಮಾರುವವರಿಗೆ ಮೊದಲೇ ಹೇಳಿ. ಕನಿಷ್ಠ ಮೂರು ಗಂಟೆ ಬೇಕು. ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು.

ಹಳೆಯ ಟ್ರೈಲರುಗಳ ಕಟ್ಟೋಣದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮರದ ಚೌಕಟ್ಟಿನ ಮೇಲೆ ಸುಕ್ಕುಗಟ್ಟಿದ ಅಲ್ಯೂಮಿನಿಯಂ ತಗಡು ಹೊದಿಸಿದ್ದು ಅಗ್ಗ, ರಿಪೇರಿಗೂ ಸುಲಭ. ಆದರೆ ತಗಡಿನ ಹಿಂದೆ ಮರ ಕೊಳೆಯುತ್ತಿದ್ದರೂ ಹೊರಗೆ ಗುರುತು ಕಾಣುವುದಿಲ್ಲ. ನುಣುಪಾದ ಫೈಬರ್‌ಗ್ಲಾಸ್ ಹಾಳೆಯನ್ನು ತೆಳು ಪ್ಲೈವುಡ್ಡಿಗೂ ಫೋಮಿಗೂ ಅಂಟಿಸಿದ ಗೋಡೆ ನೋಡಲು ಅಂದ. ನೀರು ಹೊಕ್ಕರೆ ಅಂಟು ಬಿಟ್ಟು ಹಾಳೆ ಉಬ್ಬುತ್ತದೆ, ಅದನ್ನು ಮತ್ತೆ ಮೊದಲಿನಂತೆ ಅಂಟಿಸುವುದು ತೀರಾ ಕಷ್ಟ. ಮೂರನೆಯದು ಮೊಟ್ಟೆಯಂತೆ ಎರಡು ಅಚ್ಚು ಚಿಪ್ಪುಗಳನ್ನು ಜೋಡಿಸಿದ ಫೈಬರ್‌ಗ್ಲಾಸ್ ಟ್ರೈಲರ್. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಶುರುವಾದ 13 ಅಡಿಯ ಬೋಲರ್, ಆಮೇಲೆ ಬಂದ ಸ್ಕ್ಯಾಂಪ್, ಕಸೀಟಾ ಈ ಜಾತಿಯವು. ಸಂದುಗಳೇ ಕಡಿಮೆ ಇರುವುದರಿಂದ ನೀರಿನ ಭಯವೂ ಕಡಿಮೆ. ನಾಲ್ಕನೆಯದು ಏರ್‌ಸ್ಟ್ರೀಮ್‌ನಂಥ ರಿವೆಟ್ ಹೊಡೆದ ಅಲ್ಯೂಮಿನಿಯಂ ಚಿಪ್ಪು. ಚಿಪ್ಪಿಗೆ ಆಯಸ್ಸು ಬಹಳ, ಅದರ ಕೆಳಗಿನ ಪ್ಲೈವುಡ್ ನೆಲಕ್ಕೆ ಅಷ್ಟಿಲ್ಲ. ಹಿಂಬದಿಯ ನೆಲ ಲಡ್ಡಾಗಿ ಚಿಪ್ಪೂ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯೂ ಬೇರೆಯಾಗಿರುವುದು ಹಳೆಯವುಗಳಲ್ಲಿ ಮತ್ತೆ ಮತ್ತೆ ಕಾಣುವ ರೋಗ. ಹಿಂದಿನ ಬಂಪರ್ ಮೇಲೆ ಒಬ್ಬರು ನಿಂತು ಮೆಲ್ಲಗೆ ಕುಲುಕಲಿ. ಚಾಸಿ ಅಲ್ಲಾಡಿದರೂ ಮೈ ಅಲ್ಲಾಡದೆ ನಡುವೆ ಸಂದು ಬಿಟ್ಟರೆ ರೋಗ ಹಿಡಿದಿದೆ ಎಂದರ್ಥ. ಚಿಕ್ಕ ಕುಟುಂಬಕ್ಕೆ ಮೂರನೆಯ ಬಗೆಯೇ ಸರಿ. ಬೆಲೆ ಹೆಚ್ಚು, ಜಾಗ ಇಕ್ಕಟ್ಟು. ಆದರೂ ಮೂವತ್ತು ವರ್ಷದ ಮೇಲೂ ನೆಮ್ಮದಿಯಿಂದ ಕೊಳ್ಳಬಹುದಾದದ್ದು ಅದೊಂದೇ.

ಇನ್ನು ತೇವ. ಬಾಗಿಲು ತೆರೆದ ಕೂಡಲೇ ಮೂಗು ಹೇಳುವುದನ್ನು ನಂಬಿ. ಮುಗ್ಗಲು ವಾಸನೆ ಇದ್ದರೆ ಎಲ್ಲೋ ನೀರಿದೆ. ಘಾಟು ಸುಗಂಧ ಹೊಡೆದಿದ್ದರೆ ಅನುಮಾನ ಇನ್ನೂ ಹೆಚ್ಚಾಗಲಿ. ಕಣ್ಣಿಗೆ ಕಾಣುವ ಗೋಡೆಯಲ್ಲಿ ಗುರುತು ಹುಡುಕಬೇಡಿ, ಅಲ್ಲಿ ಬಣ್ಣ ಬಳಿದಿರುತ್ತಾರೆ. ಮೇಲಿನ ಕಪಾಟುಗಳ ಒಳಮೂಲೆ, ಹಾಸಿಗೆಯ ಅಡಿಯ ಪೆಟ್ಟಿಗೆ, ಸಿಂಕಿನ ಕೆಳಗೆ, ಹೊರಗಿನಿಂದ ತೆರೆಯುವ ಸಾಮಾನು ಖಾನೆಯ ಒಳಗೆ ಟಾರ್ಚು ಬಿಡಿ. ಕಂದು ಉಂಗುರದಂಥ ಕಲೆ, ಸುಕ್ಕಾದ ಗೋಡೆಕಾಗದ, ತುಕ್ಕು ಹಿಡಿದ ಸ್ಟೇಪಲ್ ಪಿನ್ನು ಕಂಡರೆ ಅಲ್ಲಿ ಹೆಬ್ಬೆರಳಿಂದ ಒತ್ತಿ. ಗಟ್ಟಿ ಮರ ಬಗ್ಗುವುದಿಲ್ಲ. ಲಡ್ಡಾದದ್ದು ರಸ್ಕಿನಂತೆ ಪುಡಿಯಾಗುತ್ತದೆ. ಒಂದೇ ಒಂದು ಮೂಲೆಗೆ ಮಾತ್ರ ಹೊಸ ಹಲಗೆ ಹೊಡೆದಿದ್ದರೆ ಯಾಕೆಂದು ಕೇಳಲೇಬೇಕು.

ತೇವಮಾಪಕದಲ್ಲಿ ಎರಡು ಮುಳ್ಳಿನದು ಒಳ್ಳೆಯದು. ಗೋಡೆಯ ಮೇಲೆ ಒತ್ತಿ ಹಿಡಿಯುವ ಮುಳ್ಳಿಲ್ಲದ ಮಾಪಕ ಹಿಂದೆ ತಗಡೋ ಫಾಯಿಲ್ಲೋ ಇದ್ದರೆ ತಪ್ಪು ಅಂಕಿ ತೋರಿಸುತ್ತದೆ. ಮುಳ್ಳು ಚುಚ್ಚಿದರೆ ಎರಡು ಸಣ್ಣ ತೂತು ಉಳಿಯುತ್ತದೆ, ಹಾಗಾಗಿ ಒಪ್ಪಿಗೆ ಕೇಳಿ, ಕಪಾಟಿನ ಒಳಗೆ ಚುಚ್ಚಿ. ಮೊದಲು ಟ್ರೈಲರಿನ ನಡುವೆ ಒಣಗಿದೆಯೆಂದು ಖಾತ್ರಿ ಇರುವ ಮರದ ಅಂಕಿ ಬರೆದುಕೊಳ್ಳಿ. ಆಮೇಲೆ ನಾಲ್ಕೂ ಮೂಲೆ, ಪ್ರತಿ ಕಿಟಕಿಯ ಕೆಳತುದಿ, ಮಾಡಿನ ಗಾಳಿಕಿಂಡಿಯ ಸುತ್ತ ಅಳೆಯಿರಿ. ಶೇ. 15ರ ಒಳಗಿದ್ದರೆ ಒಣಗಿದೆ. ಶೇ. 20 ದಾಟಿದರೆ ನೀರು ಬರುತ್ತಿದೆ. ಶೇ. 30ರ ಹತ್ತಿರ ಬಂದರೆ ಆ ಮರದ ಕಥೆ ಮುಗಿದಿದೆ ಎಂದುಕೊಳ್ಳಿ.

ಹೊರಗೆ, ತಗಡಿನ ಗೋಡೆಯ ಟ್ರೈಲರಾದರೆ, ಮೂಲೆಯ ಅಲ್ಯೂಮಿನಿಯಂ ಪಟ್ಟಿಯ ಮಧ್ಯೆ ಪ್ಲಾಸ್ಟಿಕ್ಕಿನ ಒಂದು ಉದ್ದ ಪಟ್ಟಿ ಸಿಕ್ಕಿಸಿರುತ್ತಾರೆ. ಅದನ್ನು ಅರ್ಧ ಅಡಿ ಎಳೆದು ನೋಡಿ. ಒಳಗಿನ ಸ್ಕ್ರೂ ತುಕ್ಕು ಹಿಡಿದಿದ್ದು, ತಿರುಗಿಸಿದರೆ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ಅದರ ಹಿಂದೆ ಕಚ್ಚಿ ಹಿಡಿಯಲು ಮರವೇ ಉಳಿದಿಲ್ಲ. ಒಂದು ನಿಮಿಷದ ಈ ಪರೀಕ್ಷೆ ಬಲ್ಲವರು ಕಡಿಮೆ, ಇದು ಹೇಳುವಷ್ಟು ನಿಜವನ್ನು ಮತ್ತಾವುದೂ ಹೇಳುವುದಿಲ್ಲ. ನುಣುಪು ಫೈಬರ್‌ಗ್ಲಾಸ್ ಗೋಡೆಯಾದರೆ ಕೆನ್ನೆಯನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು ಉದ್ದಕ್ಕೆ ನೋಡಿ. ಓರೆ ಬೆಳಕಿನಲ್ಲಿ ಉಬ್ಬು ಕಾಣುತ್ತದೆ. ಬೆರಳಿನಿಂದ ತಟ್ಟುತ್ತಾ ಹೋದರೆ ಅಂಟು ಬಿಟ್ಟ ಜಾಗದಲ್ಲಿ ಸದ್ದು ಪೊಳ್ಳಾಗುತ್ತದೆ.

ಮಾಡಿನ ಮೇಲೆ ಹತ್ತುವ ಮುನ್ನ ಏಣಿಯಿಂದಲೇ ನೋಡಿ, ಎಲ್ಲ ಮಾಡೂ ಮನುಷ್ಯರ ಭಾರ ತಾಳುವುದಿಲ್ಲ. ಬಿಳಿ ರಬ್ಬರ್ ಮಾಡಿನ ಮೇಲೆ ಕೈಯಾಡಿಸಿದಾಗ ಸುಣ್ಣದಂಥ ಪುಡಿ ಅಂಟಿದರೆ ಗಾಬರಿ ಬೇಡ, ಅದು ಇಪಿಡಿಎಂ ರಬ್ಬರಿನ ಸಹಜ ಗುಣ. ಬಿಳಿ ಸವೆದು ಕಪ್ಪು ಇಣುಕುತ್ತಿದ್ದರೆ ಮಾತ್ರ ಪದರ ತೆಳುವಾಗಿದೆ. ಕಿಂಡಿ, ಪೈಪು, ಅಂಚುಗಳ ಸುತ್ತ ನೀರು ತಡೆಯಲು ಹಾಕಿದ ಸೀಲಂಟು ಬಿರುಕು ಬಿಟ್ಟಿದೆಯೇ ನೋಡಿ. ಸಮತಟ್ಟಾದ ಕಡೆಗೆ ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲಂಟು, ನಿಂತ ಗೋಡೆಗೆ ಇಳಿಯದೆ ನಿಲ್ಲುವ ಬಗೆ, ಕಿಟಕಿ ಚೌಕಟ್ಟಿನ ಹಿಂದೆ ಅಂಟಂಟಾದ ಬ್ಯೂಟೈಲ್ ರಬ್ಬರ್ ಟೇಪು: ಇದು ಸರಿಯಾದ ಕ್ರಮ. ಎಲ್ಲೆಂದರಲ್ಲಿ ಸಿಲಿಕೋನ್ ಮೆತ್ತಿದ್ದರೆ ಅದು ಕೆಟ್ಟ ಗುರುತು. ಸಿಲಿಕೋನ್ ಮೇಲೆ ಮುಂದೆ ಬೇರೆ ಸೀಲಂಟು ಸರಿಯಾಗಿ ಹಿಡಿಯುವುದಿಲ್ಲ. ಚೂರೂ ಬಿಡದೆ ಕೆರೆದು ತೆಗೆದ ಮೇಲೆಯೇ ಮುಂದಿನ ಕೆಲಸ. ರಬ್ಬರ್ ಮಾಡಿನ ಮೇಲೆ ಪೆಟ್ರೋಲಿಯಂ ದ್ರಾವಕ ಬಳಸಿ ಒರೆಸಿದರೆ ರಬ್ಬರು ಊದಿಕೊಂಡು ಕೆಡುತ್ತದೆ.

ಚಾಸಿಗೆ ಬನ್ನಿ. ತುಕ್ಕಿನ ಮೇಲ್ಪದರ ಸಹಜ. ಸ್ಕ್ರೂಡ್ರೈವರಿಂದ ಕುಟ್ಟಿದರೆ ಹೆಕ್ಕಳಿಕೆ ಏಳುವುದು, ಮೊನೆ ಒಳಗೆ ಇಳಿಯುವುದು ಸಹಜವಲ್ಲ. ಬಿರುಕು ಬರುವುದು ಎರಡು ಕಡೆ: ಎಳೆಯುವ ಮೂಕಿಯ ಕಬ್ಬಿಣ ಮೈಯ ಅಡಿಗೆ ಸೇರುವಲ್ಲಿ, ಮತ್ತು ಸ್ಪ್ರಿಂಗ್ ತೂಗುವ ಕೊಂಡಿಗಳ ವೆಲ್ಡಿಂಗಿನಲ್ಲಿ. ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳು ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಮಾರಾಟಕ್ಕೆ ಮುನ್ನ ಅಡಿಭಾಗಕ್ಕೆಲ್ಲ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಿ.

ಸ್ಪ್ರಿಂಗಿನ ಬದಲು ಒಳಗಿನ ರಬ್ಬರೇ ಕುಲುಕು ತಾಳುವ ಟಾರ್ಶನ್ ಆಕ್ಸಲ್ ಇದ್ದರೆ, ಖಾಲಿ ಟ್ರೈಲರಿನಲ್ಲಿ ಚಕ್ರದ ತೋಳು ಸಾಮಾನ್ಯವಾಗಿ ನೆಲದ ಕಡೆಗೆ ಇಳಿದಿರಬೇಕು. ಅಡ್ಡಕ್ಕೆ ಮಲಗಿದ್ದರೆ ಅಥವಾ ಮೇಲೆದ್ದಿದ್ದರೆ ಒಳಗಿನ ರಬ್ಬರು ಸತ್ತಿರುವ ಸಾಧ್ಯತೆ ಹೆಚ್ಚು. ಅದಕ್ಕೆ ರಿಪೇರಿ ಇಲ್ಲ, ಆಕ್ಸಲ್ಲನ್ನೇ ಬದಲಾಯಿಸಬೇಕು. ಲೀಫ್ ಸ್ಪ್ರಿಂಗ್ ಆದರೆ ವಾಸಿ. ಬೋಲ್ಟಿನ ಸುತ್ತಲಿನ ನೈಲಾನ್ ಬುಷ್ ಸವೆದು ಬೋಲ್ಟು ಕಬ್ಬಿಣವನ್ನೇ ತಿನ್ನುತ್ತಿರುತ್ತದೆ, ಕಂಚಿನ ಬುಷ್ಷೂ ಗ್ರೀಸ್ ತುಂಬುವ ಬೋಲ್ಟೂ ಹಾಕಿದರೆ ಸಾಕು. ಟೈರಿನ ಒಳಅಂಚು ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿರುವ ಸಾಧ್ಯತೆ ಹೆಚ್ಚು.

ಟೈರಿನ ಮೈಮೇಲಿನ ಕಚ್ಚುಗಳು ಎಷ್ಟು ಆಳವಿವೆ ಎಂಬುದಕ್ಕೆ ಬೆಲೆಯಿಲ್ಲ, ವಯಸ್ಸಿಗೆ ಮಾತ್ರ ಬೆಲೆ. ಪಕ್ಕೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 3514 ಎಂದಿದ್ದರೆ 2014ರ 35ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಐದಾರು ವರ್ಷ ದಾಟಿದ ಟೈರನ್ನು ಹೊಸದರಂತೆ ಕಂಡರೂ ಬದಲಾಯಿಸಿ. ನಿಂತಲ್ಲೇ ನಿಂತು ಬಿಸಿಲಿಗೆ ಒಣಗಿದ ಟೈರು ಹೆದ್ದಾರಿಯಲ್ಲಿ ಸಿಡಿದಾಗ ಅದರ ಚಿಂದಿಗಳು ಚಕ್ರದ ಮೇಲಿನ ನೆಲವನ್ನೂ ಗ್ಯಾಸ್ ಪೈಪನ್ನೂ ಹರಿದುಹಾಕುತ್ತವೆ.

ಬ್ರೇಕಿಗೆ ಸುಲಭ ಪರೀಕ್ಷೆಯಿದೆ. ಕಾರಿನಿಂದ ಟ್ರೈಲರಿಗೆ ಕರೆಂಟು ಕೊಡುವ ಏಳು ಪಿನ್ನಿನ ಪ್ಲಗ್ ಕಳಚಿ, ಟ್ರೈಲರ್ ಕಾರಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕು ಹಾಕುವ, ಮೂಕಿಯ ಬಳಿಯ ತುರ್ತು ಸ್ವಿಚ್ಚಿನ ಪಿನ್ ಎಳೆದು, ಮೆಲ್ಲಗೆ ಟ್ರೈಲರನ್ನು ಎಳೆಯಿರಿ. ಚಕ್ರಗಳು ಕಚ್ಚಿ ನಿಲ್ಲಬೇಕು. ಪಿನ್ನನ್ನು ಕೂಡಲೇ ಮರಳಿ ಸಿಕ್ಕಿಸಿ; ಬಿಟ್ಟರೆ ಬ್ಯಾಟರಿ ಇಳಿದು ಬ್ರೇಕಿನ ಮ್ಯಾಗ್ನೆಟ್ಟುಗಳು ಕಾದುಹೋಗುತ್ತವೆ. ಪ್ಲಗ್ ಕಳಚದೆ ಮಾಡಿದರೆ ಕಾರಿನ ಬ್ರೇಕ್ ಕಂಟ್ರೋಲರು ಕೆಡಬಹುದು. ಜ್ಯಾಕ್ ಕೊಟ್ಟು ಎತ್ತಿದ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಆಮೇಲೆ ತಿರುಗಿಸಿ ಕಿವಿಗೊಡಿ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಒಂದು ಮಾತು: ಹೊರಗಿನಿಂದಲೇ ಗ್ರೀಸ್ ಒತ್ತುವ ಸೌಲಭ್ಯವಿದ್ದರೆ ಅತಿಯಾಗಿ ಒತ್ತಿ ಸೀಲ್ ಒಡೆದು ಬ್ರೇಕ್ ಶೂಗಳೆಲ್ಲ ಜಿಡ್ಡಾಗಿರುವುದು ಸಾಮಾನ್ಯ. ಹಾಗಾದ ಶೂಗಳನ್ನು ತೊಳೆದು ಉಪಯೋಗವಿಲ್ಲ.

ಒಳಗಿನ ಉಪಕರಣಗಳಲ್ಲಿ ದುಬಾರಿಯದು ಫ್ರಿಜ್ಜು. ಕಂಪ್ರೆಸರ್ ಇಲ್ಲದ, ಅಮೋನಿಯಾ, ನೀರು, ಹೈಡ್ರೋಜನ್ ತುಂಬಿದ ಅಬ್ಸಾರ್ಪ್ಶನ್ ಫ್ರಿಜ್ಜು ಅದು. ಶಾಖದಿಂದ ನಡೆಯುತ್ತದೆ, ದ್ರವ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಹೀಗಾಗಿ ಟ್ರೈಲರ್ ರಸಮಟ್ಟದಲ್ಲಿ ನಿಲ್ಲಬೇಕು. ಟ್ರೈಲರನ್ನು ಓರೆಯಾಗಿ ನಿಲ್ಲಿಸಿ ಫ್ರಿಜ್ಜು ನಡೆಸಿದರೆ ದ್ರವ ಒಂದೆಡೆ ನಿಂತು ಅತಿಯಾಗಿ ಕಾದು ಪೈಪು ಕಟ್ಟುತ್ತದೆ. ತಣ್ಣಗಾಗಲು ಆರರಿಂದ ಎಂಟು ಗಂಟೆ ಬೇಕಾದ್ದರಿಂದ ಹಿಂದಿನ ರಾತ್ರಿಯೇ ಹಾಕಿಡಲು ಹೇಳಿ. ಕರೆಂಟಿನಲ್ಲೂ ಗ್ಯಾಸಿನಲ್ಲೂ ಬೇರೆಬೇರೆಯಾಗಿ ನೋಡಬೇಕು. ಹೊರಗಿನ ಜಾಲರಿ ತೆಗೆದಾಗ ಹಳದಿ ಪುಡಿಯೋ ಅಮೋನಿಯಾ ಘಾಟೋ ಇದ್ದರೆ ಅದರ ಆಯಸ್ಸು ತೀರಿದೆ.

ಗ್ಯಾಸಿನ ಪೈಪಿನ ಪ್ರತಿ ಕೀಲಿಗೂ ಸೋಪಿನ ನೀರು ಹೊಡೆದು ಗುಳ್ಳೆ ಏಳುತ್ತದೆಯೇ ನೋಡಿ. ರೆಗ್ಯುಲೇಟರು 11 ಅಂಗುಲ ಎತ್ತರದ ನೀರಿನಷ್ಟು ಒತ್ತಡ ಕೊಡಬೇಕು. ಹದಿನೈದು ವರ್ಷ ಹಳೆಯದಾದರೆ ಅಳೆಯುವುದೂ ಬೇಡ, ಬದಲಾಯಿಸಿ. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಗಳ ಆಯಸ್ಸು ಐದರಿಂದ ಏಳು ವರ್ಷ. ಬಟನ್ ಒತ್ತಿದಾಗ ಕೂಗುವುದು ಸದ್ದಿನ ಪರೀಕ್ಷೆ ಮಾತ್ರ, ಒಳಗಿನ ಸೆನ್ಸರಿನದ್ದಲ್ಲ. ಬಿಸಿಗಾಳಿಯ ಫರ್ನೇಸಿನ ಒಳಕೋಶ ಬಿರುಕು ಬಿಟ್ಟಿದ್ದರೆ ಹೊಗೆ ಮಲಗುವ ಜಾಗಕ್ಕೆ ಬರುತ್ತದೆ. ಇದರಲ್ಲಿ ರಾಜಿ ಬೇಡ.

ನೀರಿನ ಪೈಪು ಬೂದುಬಣ್ಣದ್ದಾಗಿದ್ದು ಮೇಲೆ ಪಿಬಿ2110 ಎಂದಿದ್ದರೆ ಅದು ಪಾಲಿಬ್ಯುಟಿಲೀನ್, 1978ರಿಂದ 1995ರವರೆಗೆ ಬಳಕೆಯಲ್ಲಿದ್ದದ್ದು. ಕ್ಲೋರಿನ್ ನೀರಿಗೆ ಅದು ಪೆಡಸಾಗಿ ಒಡೆಯುತ್ತದೆ. ಪೂರ್ತಿ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಪಂಪು ಹಾಕಿ, ಎಲ್ಲ ನಲ್ಲಿ ಮುಚ್ಚಿ, ಅದು ನಿಂತ ಮೇಲೆ ಹದಿನೈದು ನಿಮಿಷ ಕಾಯಿರಿ. ತಾನಾಗಿ ಮತ್ತೆ ಗುರ್ ಎಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿನ ವಾಲ್ವು ಹೋಗಿದೆ. ಉಕ್ಕಿನ ತೊಟ್ಟಿಯ ವಾಟರ್ ಹೀಟರಾದರೆ ತಣಿದ ಮೇಲೆ, ಒತ್ತಡ ಬಿಟ್ಟು, ತೊಟ್ಟಿಯ ಬದಲು ತಾನು ಕರಗುವ ಆನೋಡ್ ಕಡ್ಡಿಯನ್ನು ಬಿಚ್ಚಿ. ಮುಕ್ಕಾಲು ಕರಗಿದ್ದರೆ ಹೊಸದು ಹಾಕಿ; ಬರೀ ತಂತಿ ಉಳಿದಿದ್ದರೆ ತೊಟ್ಟಿಯೇ ತುಕ್ಕು ತಿನ್ನುತ್ತಿದೆ. ಕೊಳಚೆ ತೊಟ್ಟಿಯ ಮಟ್ಟ ತೋರಿಸುವ ದೀಪಗಳು ಹಳೆಯದರಲ್ಲಿ ಸುಳ್ಳು ಹೇಳುವುದೇ ಹೆಚ್ಚು, ಅದಕ್ಕಾಗಿ ಬೆಲೆ ಕಡಿಮೆ ಮಾಡಿಸುವ ಅಗತ್ಯವಿಲ್ಲ.

ಕರೆಂಟಿನಲ್ಲಿ ಎರಡೇ ಅಂಕಿ ಸಾಕು. ಹೊರಗಿನ ಕರೆಂಟು ಕಳಚಿ ಕೆಲ ಗಂಟೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಕರೆಂಟು ಕೊಟ್ಟಾಗ 13.2ರಿಂದ 14.4ರ ಒಳಗೆ ಏರಬೇಕು. ಏರದಿದ್ದರೆ ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬುವ ಕನ್ವರ್ಟರು ಸತ್ತಿದೆ. ಹಳೆಯ ಕನ್ವರ್ಟರುಗಳು ಸದಾ ಒಂದೇ ವೋಲ್ಟೇಜು ತುಂಬುತ್ತಾ ಬ್ಯಾಟರಿಯ ನೀರನ್ನು ಕುದಿಸಿ ಒಣಗಿಸುತ್ತವೆ, ಹಾಗಾಗಿ ಅದು ನಡೆಯುತ್ತಿದ್ದರೂ ಬದಲಾಯಿಸುವುದು ಮೇಲು. 30 ಆಂಪಿಯರ್ ಪ್ಲಗ್ಗಿನ ಕಾಲುಗಳು ಸುಟ್ಟು ಕಪ್ಪಾಗಿವೆಯೇ ನೋಡಿ.

ತೂಕವನ್ನು ಮಾರುವವರ ಬಾಯಿಂದ ಕೇಳಬೇಡಿ, ಟ್ರೈಲರಿಗೆ ಹಚ್ಚಿದ ಫಲಕದ ಮೇಲೆ ಓದಿ. ಖಾಲಿ ತೂಕ ಎಂದು ಬರೆದದ್ದರಲ್ಲಿ ನೀರು, ಗ್ಯಾಸು, ಆಮೇಲೆ ಕೂರಿಸಿದ ಸಾಮಾನು ಸೇರಿರುವುದಿಲ್ಲ. 40 ಗ್ಯಾಲನ್ ನೀರೇ 330 ಪೌಂಡಿನ ಮೇಲೆ, ತುಂಬಿದ 20 ಪೌಂಡಿನ ಎರಡು ಸಿಲಿಂಡರು 75 ಪೌಂಡಿನ ಹತ್ತಿರ. ಕಾರಿಗೆ ಲೆಕ್ಕ ಹಾಕಬೇಕಾದ್ದು ಗರಿಷ್ಠ ತೂಕಕ್ಕೆ. ಮೂಕಿಯ ಮೇಲೆ ಒಟ್ಟು ತೂಕದ ಶೇ. 10ರಿಂದ 15 ಬೀಳಬೇಕು: 5,000 ಪೌಂಡಿನ ಟ್ರೈಲರಿಗೆ 500ರಿಂದ 750. ಕಡಿಮೆಯಾದರೆ ಬಾಲ ಆಡಿಸಿದಂತೆ ಹಿಂಭಾಗ ತೂಗಾಡುತ್ತದೆ. ಹಿಂದಿನ ಬಂಪರಿಗೆ ಸೈಕಲ್ಲುಗಳನ್ನೋ ಪೆಟ್ಟಿಗೆಯನ್ನೋ ಕಟ್ಟಿದವರು ಇದನ್ನೇ ಮರೆಯುವುದು.

ಕಾಗದದಲ್ಲಿ ನೋಡಬೇಕಾದ್ದು ಇಷ್ಟೇ: ಟ್ರೈಲರಿನ ಮೇಲಿನ ಗುರುತು ಸಂಖ್ಯೆಯೂ ದಾಖಲೆಯಲ್ಲಿರುವುದೂ ಅಕ್ಷರಶಃ ಒಂದೇ ಆಗಿರಬೇಕು, ಅದರ ಮೇಲೆ ಸಾಲ ಬಾಕಿ ಇರಬಾರದು. 1981ರಿಂದ ಈಚೆಗಿನವಕ್ಕೆ 17 ಅಕ್ಷರಗಳಿರುತ್ತವೆ, ಹತ್ತನೆಯದು ಮಾಡೆಲ್ ವರ್ಷ ಹೇಳುತ್ತದೆ.

ಗೋಡೆ ಒಣಗಿದ್ದು ಬೆಲೆ ಕುದುರಿದರೆ, ಮನೆಗೆ ತರುವ ಮುನ್ನವೇ ಹೊಸ ಟೈರು ಹಾಕಿಸಿ, ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಿಸಿ. ಅರ್ಧ ಅಂಗುಲದ ಬೋಲ್ಟಾದರೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ 90ರಿಂದ 120 ಪೌಂಡ್-ಅಡಿಗೆ ಬಿಗಿಯಿರಿ. ಹೊಸದಾಗಿ ಕೂರಿಸಿದ ಚಕ್ರದ ನಟ್ಟು ಓಡುತ್ತಾ ಸಡಿಲವಾಗುತ್ತದೆ. 10, 25, 50 ಮೈಲಿಗೆ ಒಮ್ಮೊಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು.