ಇಂಡಕ್ಷನ್ ಹಾರ್ಡನಿಂಗ್ ಮಷಿನ್ ಕೊಳ್ಳುವ ಮೊದಲು ಫ್ರೀಕ್ವೆನ್ಸಿ ಕೇಳಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಶಾಫ್ಟ್ ಮಾಡುತ್ತೇವೆ. ಹಾರ್ಡನಿಂಗ್, ಅಂದರೆ ಶಾಫ್ಟ್‌ನ ಮೇಲ್ಮೈ ಕಾಯಿಸಿ ತಣಿಸಿ ಗಟ್ಟಿ ಮಾಡುವ ಕೆಲಸ, ಹೊರಗೆ ಕೊಡುವ ಬದಲು ನಾವೇ ಮಾಡೋಣ ಅಂತ ಹಳೆಯ ಇಂಡಕ್ಷನ್ ಮಷಿನ್ ಕೊಂಡೆವು. ಅದರ ತಾಮ್ರದ ಕಾಯಿಲ್‌ನಲ್ಲಿ ಕರೆಂಟ್ ಹರಿದರೆ ಒಳಗಿಟ್ಟ ಶಾಫ್ಟ್ ಕಾಯುತ್ತದೆ. ನಾನು ಕೇಳಿದ್ದು ಎಷ್ಟು ಕಿಲೋವ್ಯಾಟ್ ಅಂತ ಮಾತ್ರ. "ಇದೇ ಕಾಯಿಲ್ ಎಲ್ಲ ಸೈಜಿಗೂ ಆಗುತ್ತೆ ಸರ್" ಅಂದರು ಮಾರಿದವರು. ನಂಬಿದೆ. ನೀವು ನಂಬಬೇಡಿ.

ನಮ್ಮ ಜಾಬ್ 40 ಎಂಎಂ ಇಎನ್8 ಉಕ್ಕಿನ ಶಾಫ್ಟ್. ಡ್ರಾಯಿಂಗ್‌ನಲ್ಲಿ ಕೇಸ್ ಡೆಪ್ತ್, ಅಂದರೆ ಗಟ್ಟಿಯಾಗಬೇಕಾದ ಪದರದ ಆಳ, 3.5 ಎಂಎಂ. ಮಷಿನ್‌ನ ಫ್ರೀಕ್ವೆನ್ಸಿ ಮಾತ್ರ 100 ಕಿಲೋಹರ್ಟ್ಸ್. ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಕರೆಂಟ್ ಮೇಲ್ಮೈಯಲ್ಲೇ ಉಳಿಯುತ್ತದೆ. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅದರ ಅಯಸ್ಕಾಂತ ಗುಣ ಹೋಗಿ ಕರೆಂಟ್ ಇನ್ನೂ ಆಳಕ್ಕೆ ಇಳಿಯುತ್ತದೆ. ಆಗಲೂ ಈ ಫ್ರೀಕ್ವೆನ್ಸಿಯಲ್ಲಿ ಕರೆಂಟ್ ಇಳಿಯುವುದು ಒಂದೂವರೆ ಎಂಎಂ ಆಸುಪಾಸು ಅಷ್ಟೇ. 10 ಕಿಲೋಹರ್ಟ್ಸ್ ಆಗಿದ್ದರೆ ಸುಮಾರು 5 ಎಂಎಂ ಇಳಿಯುತ್ತಿತ್ತು.

ಆಳ ಸಾಲದು ಅಂತ ಹೀಟಿಂಗ್ ಟೈಮ್ ಜಾಸ್ತಿ ಮಾಡಿದೆವು. ಕಾವು ಒಳಗೆ ಹೋಗುವಷ್ಟರಲ್ಲಿ ಮೇಲ್ಮೈ ಅತಿಯಾಗಿ ಕಾದಿತ್ತು. ತಕ್ಷಣ ತಣಿಸುವ ಕ್ವೆಂಚ್ ನೀರು ಬಿದ್ದಾಗ, ಕೀ ಕೂರಲು ಶಾಫ್ಟ್‌ನಲ್ಲಿ ಕೊರೆದ ಕೀವೇ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಬರಿಗಣ್ಣಿಗೆ ಕಾಣಲಿಲ್ಲ. ಗ್ರೈಂಡಿಂಗ್ ಮುಗಿಸಿ ಕಳಿಸಿಬಿಟ್ಟೆವು. ಗಿರಾಕಿಯ ಕಡೆ ಕ್ರ್ಯಾಕ್ ಟೆಸ್ಟ್‌ನಲ್ಲಿ ಸಿಕ್ಕಿಬಿತ್ತು. 60 ಶಾಫ್ಟ್ ವಾಪಸ್. ಮೆಟೀರಿಯಲ್, ಟರ್ನಿಂಗ್, ಗ್ರೈಂಡಿಂಗ್, ಎಲ್ಲ ಖರ್ಚೂ ನಮ್ಮ ತಲೆ ಮೇಲೆ. ಆ ಬಿರುಕು ಕಣ್ತಪ್ಪಿ ಯಾವುದೋ ಮಷಿನ್‌ನೊಳಗೆ ಹೋಗಿ ಶಾಫ್ಟ್ ಮುರಿದಿದ್ದರೆ? ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಕೀವೇಯ ಚೂಪು ಅಂಚು ಉಳಿದ ಜಾಗಕ್ಕಿಂತ ಬೇಗ ಕಾಯುತ್ತದೆ. ಅಲ್ಲಿ ಚೂಪು ತೆಗೆದು ಓರೆ ಮಾಡಿ, ಅಂದರೆ ಚಾಂಫರ್ ಹೊಡೆಯಿರಿ. ತಾಮ್ರದ ತುಂಡನ್ನು ಕೀವೇಯಲ್ಲಿ ಬಿಗಿಯಾಗಿ ಕೂರಿಸಿ ಕಾಯಿಸಿ.

ಕಾಯಿಲ್ ಕೂಡ ತಪ್ಪಾಗಿತ್ತು. ದೊಡ್ಡ ಶಾಫ್ಟ್‌ಗೆ ಮಾಡಿದ್ದದು. ಶಾಫ್ಟ್‌ಗೂ ಕಾಯಿಲ್‌ಗೂ 2ರಿಂದ 3 ಎಂಎಂ ಗ್ಯಾಪ್ ಇದ್ದರೆ ಸಾಕು, ನಮ್ಮದರಲ್ಲಿ ಒಂದು ಕಡೆ 8 ಎಂಎಂ! ಗ್ಯಾಪ್ ಹೆಚ್ಚಾದಷ್ಟೂ ಕರೆಂಟ್ ಬಿಲ್ ಏರುತ್ತದೆ, ಜಾಬ್ ಕಾಯುವುದಿಲ್ಲ. ಜಾಬ್ ತಿರುಗಿಸುತ್ತಾ ಕಾಯಿಸದಿದ್ದರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಸಾಲದ್ದಕ್ಕೆ ಕಾಯಿಲ್ ತಣಿಸಲು ಅದರೊಳಗೆ ಬೋರ್‌ವೆಲ್ ನೀರು ಬಿಟ್ಟಿದ್ದೆವು. ಕಾಯಿಲ್ ಒಳಗೆ ಬಿಳಿ ಪದರ ಕಟ್ಟಿ, ನೀರು ಸಾಲದೆ ತಾಮ್ರದ ಕೊಳವೆಯೇ ತೂತಾಯಿತು. ಲವಣ ತೆಗೆದ ಡಿಎಂ ನೀರನ್ನೇ ಬಳಸಿ.

ಈಗ ಯಾವ ಜಾಬ್ ಬಂದರೂ ಮೊದಲ ಪೀಸನ್ನು ಅಡ್ಡ ಕತ್ತರಿಸುತ್ತೇವೆ. ಪಾಲಿಶ್ ಮಾಡಿ ನೈಟಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್) ಹಚ್ಚಿದರೆ ಗಟ್ಟಿಯಾದ ಪದರ ಬಣ್ಣದಲ್ಲೇ ಬೇರೆ ಕಾಣುತ್ತದೆ, ಅಳೆಯಬಹುದು. ಮಷಿನ್ ಕೊಳ್ಳುವವರು ನಿಮ್ಮದೇ ಜಾಬ್ ತಗೊಂಡು ಹೋಗಿ. ಮಾರುವವರ ಮುಂದೆಯೇ ಹಾಕಿಸಿ, ಕತ್ತರಿಸಿ, ಅಳೆದು, ಆಮೇಲೆ ದುಡ್ಡು ಕೊಡಿ.